ಬಳಸಿದ ಕಾರಿನ ಸ್ವಯಂಚಾಲಿತ ಮುಂದೀಪಗಳು: ದೋಷಗಳನ್ನು ಗುರುತಿಸುವ ಬಗೆ

ರಾತ್ರಿಯ ವೇಳೆ ರಸ್ತೆಯಲ್ಲಿ ಸಾಗುವ ಮೋಟಾರು ವಾಹನಕ್ಕೆ ದೀಪಗಳು ಎರಡು ಬಗೆಯಲ್ಲಿ ನೆರವಾಗುತ್ತವೆ. ಮುಂದಿನ ದಾರಿಯನ್ನು ಚಾಲಕನಿಗೆ ತೋರಿಸುವುದು ಒಂದು. ವಾಹನವು ರಸ್ತೆಯ ಮೇಲಿದೆ ಎಂಬುದನ್ನು ಇತರರಿಗೆ ತಿಳಿಸುವುದು ಮತ್ತೊಂದು. ಈ ಎರಡನೆಯ ಕಾರ್ಯವು ಮೊದಲನೆಯದಕ್ಕಿಂತ ಯಾವ ರೀತಿಯಲ್ಲಿಯೂ ಕಡಿಮೆ ಮಹತ್ವದ್ದಲ್ಲ. ಬೀದಿದೀಪಗಳಿಂದ ಬೆಳಗುವ ಮಹಾನಗರದ ರಸ್ತೆಯಲ್ಲಿ ಚಾಲಕನಿಗೆ ತನ್ನ ಕಾರಿನ ದೀಪ ಉರಿಯುತ್ತಿಲ್ಲವೆಂಬುದು ಎಷ್ಟೋ ವೇಳೆ ಗಮನಕ್ಕೇ ಬರುವುದಿಲ್ಲ. ರಸ್ತೆ ದಾಟುವ ಪಾದಚಾರಿಗೆ ಮಾತ್ರ ಅದರಿಂದ ಒದಗುವ ಅಪಾಯ ದೊಡ್ಡದು.

ಕತ್ತಲಾದೊಡನೆ ತಾವಾಗಿಯೇ ಬೆಳಗುವ, ಬೆಳಕಾದೊಡನೆ ತಾವಾಗಿಯೇ ಆರುವ ಮುಂದೀಪಗಳು ಈಗ ಅನೇಕ ಕಾರುಗಳಲ್ಲಿ ಕಂಡುಬರುತ್ತವೆ. ಇಂತಹ ಕಾರುಗಳು ಕೆಲವು ವರ್ಷಗಳ ಬಳಕೆಯ ನಂತರ ಎರಡನೆಯ, ಮೂರನೆಯ ಮಾಲೀಕರ ಕೈಸೇರುತ್ತಿವೆ. ಸೆಕೆಂಡ್ ಹ್ಯಾಂಡ್ ಕಾರನ್ನು ಕೊಂಡವರಿಗೆ ಅದರ ಹಿಂದಿನ ದುರಸ್ತಿಗಳ ವಿವರ ಸಾಮಾನ್ಯವಾಗಿ ದೊರೆಯುವುದಿಲ್ಲ; ಮಾಲೀಕರ ಕೈಪಿಡಿಯೂ ಅನೇಕ ವೇಳೆ ಕಾರಿನೊಡನೆ ಬಂದಿರುವುದಿಲ್ಲ. ಹೀಗಾಗಿ ದೀಪ ಹಗಲಿನಲ್ಲೂ ಉರಿಯತೊಡಗಿದಾಗ ಅಥವಾ ಸಂಜೆಯಾದರೂ ಬೆಳಗದಿದ್ದಾಗ ಎಲ್ಲಿಂದ ಆರಂಭಿಸಬೇಕೆಂಬುದು ತಿಳಿಯದೆ, ಅನಗತ್ಯವಾಗಿ ಬೆಲೆಬಾಳುವ ಬಿಡಿಭಾಗಗಳನ್ನು ಬದಲಾಯಿಸುವ ಸಂದರ್ಭ ಒದಗುತ್ತದೆ. ಸಣ್ಣ ಕಾರಣವನ್ನು ಮೊದಲು, ದೊಡ್ಡ ಕಾರಣವನ್ನು ಅನಂತರ ಪರಿಶೀಲಿಸುವ ಕ್ರಮವನ್ನು ಅನುಸರಿಸಿದರೆ ಈ ವೆಚ್ಚವನ್ನು ಬಹುಮಟ್ಟಿಗೆ ತಪ್ಪಿಸಬಹುದು.

ಹಿನ್ನೆಲೆ

ಕಾರಿನ ದೀಪವನ್ನು ಬೆಳಕಿಗೆ ತಕ್ಕಂತೆ ನಿಯಂತ್ರಿಸುವ ಪ್ರಯತ್ನ ಹೊಸದೇನಲ್ಲ. ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯು 1952ರಲ್ಲಿ ಕ್ಯಾಡಿಲಾಕ್ ಮತ್ತು ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ 'ಆಟ್ರಾನಿಕ್ ಐ' ಎಂಬ ಸಾಧನವನ್ನು ಅಳವಡಿಸಿತು. ಎದುರಿನಿಂದ ಬರುವ ವಾಹನದ ಬೆಳಕನ್ನು ಗ್ರಹಿಸಿ ದೀಪದ ಕಿರಣವನ್ನು ತಗ್ಗಿಸುವುದು ಅದರ ಕೆಲಸವಾಗಿತ್ತು. ಮುಸ್ಸಂಜೆಯಲ್ಲಿ ದೀಪವನ್ನು ತಾನಾಗಿಯೇ ಬೆಳಗಿಸುವ 'ಟ್ವೈಲೈಟ್ ಸೆಂಟಿನೆಲ್' ವ್ಯವಸ್ಥೆಯು 1964ರ ಕ್ಯಾಡಿಲಾಕ್ ಕಾರುಗಳಲ್ಲಿ ದೊರೆಯುತ್ತಿತ್ತು. ಇಂದಿನ ಸ್ವಯಂಚಾಲಿತ ಮುಂದೀಪಗಳ ಮೂಲ ತತ್ತ್ವ ಅದೇ ಆಗಿದೆ; ಗಣಕೀಕೃತ ನಿಯಂತ್ರಣ ಸೇರಿರುವುದು ಮಾತ್ರ ಹೊಸದು.

ಭಾರತದಲ್ಲಿ 2017ರ ಏಪ್ರಿಲ್ 1ರಿಂದ ಹೊಸ ದ್ವಿಚಕ್ರ ವಾಹನಗಳ ಮುಂದೀಪವು ಎಂಜಿನ್ ಚಾಲನೆಯಲ್ಲಿರುವಷ್ಟು ಹೊತ್ತೂ ಉರಿಯುವಂತೆ ಮಾಡಲಾಗಿದೆ. ಅದನ್ನೂ ಕಾರಿನ ಸ್ವಯಂಚಾಲಿತ ಮುಂದೀಪವನ್ನೂ ಒಂದೇ ಎಂದು ಭಾವಿಸಬಾರದು. ದ್ವಿಚಕ್ರ ವಾಹನದ ದೀಪಕ್ಕೆ ಹಗಲು ರಾತ್ರಿಯ ಭೇದವಿಲ್ಲ. ಕಾರಿನ ವ್ಯವಸ್ಥೆಯಾದರೋ ಹೊರಗಿನ ಬೆಳಕನ್ನು ಅಳೆದು ತೀರ್ಮಾನ ಕೈಗೊಳ್ಳುತ್ತದೆ.

ವ್ಯವಸ್ಥೆ ಕೆಲಸ ಮಾಡುವ ರೀತಿ

ಈ ವ್ಯವಸ್ಥೆಯಲ್ಲಿ ನಾಲ್ಕು ಮುಖ್ಯ ಭಾಗಗಳಿವೆ. ಮೊದಲನೆಯದು ಬೆಳಕಿನ ಸಂವೇದಕ, ಅಂದರೆ ಸೆನ್ಸರ್. ಇದು ಕೆಲವು ಕಾರುಗಳಲ್ಲಿ ಡ್ಯಾಶ್‌ಬೋರ್ಡಿನ ಮೇಲೆ, ಮುಂಗಾಜಿನ ಬುಡದಲ್ಲಿ ಸಣ್ಣ ಗುಮ್ಮಟದಂತೆ ಕಾಣುತ್ತದೆ. ಇನ್ನು ಕೆಲವು ಕಾರುಗಳಲ್ಲಿ ಹಿನ್ನೋಟದ ಕನ್ನಡಿಯ ಹಿಂಬದಿಯಲ್ಲಿ, ಮಳೆಯನ್ನು ಗ್ರಹಿಸುವ ಸಂವೇದಕದೊಡನೆ ಒಂದೇ ಪೆಟ್ಟಿಗೆಯಲ್ಲಿ ಮುಂಗಾಜಿಗೆ ಅಂಟಿಕೊಂಡಿರುತ್ತದೆ. ಎರಡನೆಯದು ಸ್ಟೀಯರಿಂಗಿನ ಬಳಿಯ ಅಥವಾ ಡ್ಯಾಶ್‌ಬೋರ್ಡಿನ ಮೇಲಿನ ಸ್ವಿಚ್ಚು. ಇದರಲ್ಲಿ 'ಆಟೋ' ಎಂಬ ಸ್ಥಾನ ಇರುತ್ತದೆ. ಮೂರನೆಯದು ಕಾರಿನ ವಿದ್ಯುತ್ ಉಪಕರಣಗಳ ಮೇಲ್ವಿಚಾರಣೆ ನಡೆಸುವ ನಿಯಂತ್ರಣ ಘಟಕ. ನಾಲ್ಕನೆಯದು ರಿಲೇ, ಫ್ಯೂಸು, ವೈರು ಮತ್ತು ಬಲ್ಬುಗಳಿಂದ ಕೂಡಿದ ದೀಪದ ಮಂಡಲ.

ಬೆಳಕಿನ ಪ್ರಮಾಣವನ್ನು 'ಲಕ್ಸ್' ಎಂಬ ಮಾನದಿಂದ ಅಳೆಯುತ್ತಾರೆ. ನಡುಹಗಲಿನ ನೇರ ಬಿಸಿಲು ಸುಮಾರು 1,00,000 ಲಕ್ಸ್ ಇರುತ್ತದೆ. ಹುಣ್ಣಿಮೆಯ ಬೆಳದಿಂಗಳು 1 ಲಕ್ಸ್‌ಗಿಂತಲೂ ಕಡಿಮೆ. ವಾಹನ ದೀಪಗಳನ್ನು ಕುರಿತ ವಿಶ್ವಸಂಸ್ಥೆಯ 48ನೆಯ ನಿಯಮಾವಳಿಯ ಪ್ರಕಾರ, ಹೊರಗಿನ ಬೆಳಕು 1,000 ಲಕ್ಸ್‌ಗಿಂತ ಕಡಿಮೆಯಾದಾಗ 2 ಸೆಕೆಂಡುಗಳೊಳಗೆ ತಗ್ಗು ಕಿರಣದ ದೀಪಗಳು ಬೆಳಗಬೇಕು. ಬೆಳಕು 7,000 ಲಕ್ಸ್ ಮೀರಿದಾಗ ಅವು ಆರಬೇಕು. ಆದರೆ 5 ಸೆಕೆಂಡಿಗಿಂತ ಬೇಗ ಆರಬಾರದು, 300 ಸೆಕೆಂಡಿಗಿಂತ ತಡವಾಗಲೂ ಬಾರದು. ಇವೆರಡರ ನಡುವಣ ಬೆಳಕಿನಲ್ಲಿ ಏನು ಮಾಡಬೇಕೆಂಬುದನ್ನು ತಯಾರಕರಿಗೆ ಬಿಡಲಾಗಿದೆ. ಎಲ್ಲ ದೇಶಗಳ ಎಲ್ಲ ಕಾರುಗಳೂ ಈ ಅಂಕಿಗಳನ್ನೇ ಅನುಸರಿಸುವುದಿಲ್ಲವಾದರೂ, ಬೆಳಗಲು ಅವಸರ, ಆರಲು ನಿಧಾನ ಎಂಬ ತತ್ತ್ವ ಸಾಮಾನ್ಯವಾಗಿ ಎಲ್ಲೆಡೆಯೂ ಪಾಲನೆಯಾಗುತ್ತದೆ. ಮುಂಬಯಿ-ಪುಣೆ ಎಕ್ಸ್‌ಪ್ರೆಸ್ ಮಾರ್ಗದ ಭಾತಾನ್ ಅಥವಾ ಕಾಮಶೇತ್ ಸುರಂಗವನ್ನು ಹೊಕ್ಕೊಡನೆ ದೀಪ ಬೆಳಗುವುದೂ, ಹೊರಬಂದ ಮೇಲೂ ಸ್ವಲ್ಪ ಹೊತ್ತು ಉರಿಯುತ್ತಲೇ ಇರುವುದೂ ಈ ಕಾರಣದಿಂದಲೇ.

ದೋಷವೆಂದು ಭಾವಿಸಬಾರದ ಸಂಗತಿಗಳು

ದುರಸ್ತಿಗೆ ತೊಡಗುವ ಮೊದಲು ಅದು ನಿಜವಾಗಿ ದೋಷವೇ ಎಂಬುದನ್ನು ಖಚಿತಪಡಿಸಿಕೊಳ್ಳುವುದು ಅವಶ್ಯ. ಎಂಜಿನ್ ನಿಲ್ಲಿಸಿ ಕಾರಿಗೆ ಬೀಗ ಹಾಕಿದ ನಂತರವೂ ಅರ್ಧ ನಿಮಿಷ, ಒಂದು ನಿಮಿಷದವರೆಗೆ ದೀಪ ಉರಿಯುವುದು ಅನೇಕ ಕಾರುಗಳಲ್ಲಿ ಉದ್ದೇಶಪೂರ್ವಕವಾದ ಸೌಲಭ್ಯ. ಮಾಲೀಕರು ಮನೆಯ ಬಾಗಿಲು ತಲಪುವವರೆಗೆ ದಾರಿ ಕಾಣಲೆಂದು ಇದನ್ನು ಒದಗಿಸಲಾಗಿರುತ್ತದೆ. ಕೆಲವು ಕಾರುಗಳಲ್ಲಿ ವೈಪರುಗಳು ಎಡೆಬಿಡದೆ ಆಡತೊಡಗಿದರೆ ಮುಂದೀಪವೂ ಬೆಳಗುತ್ತದೆ. ಹಗಲಿನಲ್ಲಿ ಮುಂಭಾಗದಲ್ಲಿ ಉರಿಯುವ ಬಿಳಿಯ ಸಣ್ಣ ದೀಪಗಳು ಹಗಲು ಚಾಲನೆಯ ದೀಪಗಳು, ಅವು ಮುಂದೀಪಗಳಲ್ಲ. ಕೆಲವು ಕಾರುಗಳಲ್ಲಿ ಎಂಜಿನ್ ಚಾಲನೆಯಲ್ಲಿಲ್ಲದಿದ್ದರೆ ಅಥವಾ ಹ್ಯಾಂಡ್ ಬ್ರೇಕ್ ಎಳೆದಿದ್ದರೆ ಸ್ವಯಂಚಾಲಿತ ವ್ಯವಸ್ಥೆ ಸ್ತಬ್ಧವಾಗಿರುತ್ತದೆ.

ಇನ್ನೊಂದು ಸಂಗತಿಯೂ ಗಮನಾರ್ಹ. ಒಂದೇ ಹೆಸರಿನ ಕಾರಿನಲ್ಲಿ ಬೆಲೆಗೆ ತಕ್ಕಂತೆ ಹಲವು ಬಗೆಗಳಿರುತ್ತವೆ. ಸ್ವಯಂಚಾಲಿತ ಮುಂದೀಪ ಸಾಮಾನ್ಯವಾಗಿ ದುಬಾರಿ ಬಗೆಗಳಲ್ಲಿ ಮಾತ್ರ ಇರುತ್ತದೆ. ಕಡಿಮೆ ಬೆಲೆಯ ಬಗೆಯ ಕಾರಿನಲ್ಲಿ ಸ್ವಿಚ್ಚು ಕೆಟ್ಟಾಗ ದುಬಾರಿ ಬಗೆಯ ಸ್ವಿಚ್ಚನ್ನು ತಂದು ಕೂಡಿಸಿರುವ ಸಂಭವವುಂಟು. ಅಂತಹ ಕಾರಿನಲ್ಲಿ 'ಆಟೋ' ಎಂಬ ಗುರುತಿದ್ದರೂ ಸಂವೇದಕವೇ ಇರುವುದಿಲ್ಲ. ನೋಂದಣಿ ಪ್ರಮಾಣಪತ್ರದಲ್ಲಿ ನಮೂದಾಗಿರುವ ಮಾದರಿಯ ಹೆಸರನ್ನು ತಯಾರಕರ ಕೈಪಿಡಿಯೊಡನೆ ಹೋಲಿಸಿ ನೋಡಿದರೆ ಈ ಸಂದೇಹ ನಿವಾರಣೆಯಾಗುತ್ತದೆ.

ಮೊದಲ ಪರೀಕ್ಷೆ

ಸ್ವಿಚ್ಚನ್ನು 'ಆಟೋ' ಸ್ಥಾನದಿಂದ ತಿರುಗಿಸಿ, ಕೈಯಿಂದ ದೀಪ ಬೆಳಗಿಸಿ ನೋಡುವುದೇ ಎಲ್ಲಕ್ಕಿಂತ ಮೊದಲು ಮಾಡಬೇಕಾದ ಪರೀಕ್ಷೆ. ಇದಕ್ಕೆ ಯಾವ ಉಪಕರಣವೂ ಬೇಕಾಗಿಲ್ಲ; ಆದರೆ ದೋಷ ವ್ಯವಸ್ಥೆಯ ಯಾವ ಅರ್ಧದಲ್ಲಿದೆ ಎಂಬುದನ್ನು ಇದು ಸ್ಪಷ್ಟಪಡಿಸುತ್ತದೆ. ಕೈಯಿಂದ ಬೆಳಗಿಸಿದಾಗ ಎರಡೂ ದೀಪಗಳು ಸರಿಯಾಗಿ ಉರಿದರೆ ಬಲ್ಬು, ಫ್ಯೂಸು ಹಾಗೂ ದೀಪದ ವೈರುಗಳು ಕ್ಷೇಮವಾಗಿವೆ ಎಂದು ತಿಳಿಯಬಹುದು. ಆಗ ಸಂವೇದಕ, ಸ್ವಿಚ್ಚಿನ 'ಆಟೋ' ಸ್ಥಾನ ಅಥವಾ ನಿಯಂತ್ರಣ ಘಟಕವನ್ನು ಮಾತ್ರ ಪರಿಶೀಲಿಸಿದರೆ ಸಾಕು. ಕೈಯಿಂದಲೂ ದೀಪ ಬೆಳಗದಿದ್ದರೆ ಸಂವೇದಕವನ್ನು ದೂರುವುದರಲ್ಲಿ ಅರ್ಥವಿಲ್ಲ. ಸ್ವಿಚ್ಚನ್ನು ಪೂರ್ತಿ ಆರಿಸಿದ ಮೇಲೂ ದೀಪ ಉರಿಯುತ್ತಲೇ ಇದ್ದರೆ ರಿಲೇಯ ಒಳಗಿನ ಲೋಹದ ತುದಿಗಳು ಪರಸ್ಪರ ಬೆಸೆದುಕೊಂಡಿರುವ ಸಾಧ್ಯತೆ ಹೆಚ್ಚು.

ದೀಪವೇ ಬೆಳಗದಿದ್ದಾಗ

ಒಂದು ಬದಿಯ ದೀಪ ಮಾತ್ರ ಉರಿಯದಿದ್ದರೆ ಬಲ್ಬು ಸುಟ್ಟಿರುವುದೇ ಸಾಮಾನ್ಯ ಕಾರಣ. ಎರಡೂ ಬಲ್ಬುಗಳನ್ನು ಏಕಕಾಲದಲ್ಲಿ ಹಾಕಿದ್ದರೆ ಅವುಗಳ ಆಯುಸ್ಸೂ ಹೆಚ್ಚು ಕಡಿಮೆ ಒಟ್ಟಿಗೆ ಮುಗಿಯುತ್ತದೆ. ಮೊದಲನೆಯದು ಕೆಟ್ಟುದನ್ನು ಗಮನಿಸದ ಚಾಲಕ ಎರಡನೆಯದು ಕೆಟ್ಟಾಗ ವ್ಯವಸ್ಥೆಯೇ ಹಾಳಾಯಿತೆಂದು ಭಾವಿಸುವುದುಂಟು. ಹ್ಯಾಲೊಜನ್ ಬಲ್ಬನ್ನು ಬದಲಾಯಿಸುವಾಗ ಅದರ ಗಾಜನ್ನು ಬರಿಗೈಯಿಂದ ಮುಟ್ಟಬಾರದು. ಬೆರಳಿನ ಜಿಡ್ಡು ತಗಲಿದ ಕಡೆ ಗಾಜು ಅತಿಯಾಗಿ ಕಾದು ಬಲ್ಬು ಬೇಗ ಹಾಳಾಗುತ್ತದೆ.

ಫ್ಯೂಸು ಸುಟ್ಟಿದ್ದರೆ ಅದೇ ಆಂಪಿಯರ್ ಪ್ರಮಾಣದ ಹೊಸ ಫ್ಯೂಸನ್ನೇ ಹಾಕಬೇಕು. ತಾಮ್ರದ ತಂತಿ ಸುತ್ತುವುದು, ಹೆಚ್ಚಿನ ಆಂಪಿಯರಿನ ಫ್ಯೂಸು ಕೂಡಿಸುವುದು ಬೆಂಕಿಗೆ ಆಹ್ವಾನವಿತ್ತಂತೆ. ಹೊಸ ಫ್ಯೂಸೂ ಕೂಡಲೆ ಸುಟ್ಟರೆ ಎಲ್ಲಿಯೋ ವೈರು ಸವೆದು ಕಾರಿನ ಮೈಗೆ ತಗಲುತ್ತಿದೆ ಎಂದರ್ಥ. ಅಂತಹ ಸಂದರ್ಭದಲ್ಲಿ ಆಟೊ ಎಲೆಕ್ಟ್ರಿಷಿಯನ್ನರ ನೆರವು ಪಡೆಯಬೇಕು.

ರಿಲೇಯ ಬಗ್ಗೆ ಸಂದೇಹವಿದ್ದರೆ, ಫ್ಯೂಸು ಪೆಟ್ಟಿಗೆಯಲ್ಲಿ ಅದೇ ಸಂಖ್ಯೆಯ, ಅದೇ ಆಕಾರದ ಇನ್ನೊಂದು ರಿಲೇ ಇದ್ದಲ್ಲಿ ಅದನ್ನು ತಾತ್ಕಾಲಿಕವಾಗಿ ಅದಲುಬದಲು ಮಾಡಿ ನೋಡಬಹುದು. ಸ್ವಿಚ್ಚು ಹಾಕಿದಾಗ ರಿಲೇಯಿಂದ 'ಟಿಕ್' ಎಂಬ ಸಣ್ಣ ಸದ್ದು ಕೇಳಿಬಂದೂ ದೀಪ ಉರಿಯದಿದ್ದರೆ, ಆಜ್ಞೆ ರಿಲೇಯವರೆಗೆ ತಲಪಿದೆ, ದೋಷ ರಿಲೇಯ ತುದಿಗಳಲ್ಲಿ ಅಥವಾ ಅದರ ಮುಂದಿದೆ ಎಂದು ಊಹಿಸಬಹುದು. ಇತ್ತೀಚಿನ ಕೆಲವು ಕಾರುಗಳಲ್ಲಿ ಬಿಡಿ ರಿಲೇ ಇರುವುದಿಲ್ಲ. ನಿಯಂತ್ರಣ ಘಟಕವೇ ಆ ಕೆಲಸವನ್ನೂ ಮಾಡುತ್ತದೆ.

ದೀಪ ಉರಿದರೂ ಮಂಕಾಗಿದ್ದರೆ ಬ್ಯಾಟರಿ, ಆಲ್ಟರ್ನೇಟರ್ ಹಾಗೂ ಅರ್ತಿಂಗ್ ವೈರನ್ನು ಪರಿಶೀಲಿಸಬೇಕು. ಎಂಜಿನ್ ನಿಂತಿರುವಾಗ ಪೂರ್ಣ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಎಂಜಿನ್ ಚಾಲನೆಯಲ್ಲಿದ್ದಾಗ ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ಇರಬೇಕು. ಹ್ಯಾಲೊಜನ್ ಬಲ್ಬಿಗೆ ದೊರೆಯುವ ವೋಲ್ಟೇಜು ಶೇಕಡ 10ರಷ್ಟು ಕುಗ್ಗಿದರೆ ಅದರ ಬೆಳಕು ಸುಮಾರು ಶೇಕಡ 30ರಷ್ಟು ಕುಗ್ಗುತ್ತದೆ. ಕಾರಿನ ಮೈಗೆ ಬಿಗಿದಿರುವ ಅರ್ತಿಂಗ್ ವೈರಿನ ತುದಿ ತುಕ್ಕು ಹಿಡಿದರೆ ಇಷ್ಟು ನಷ್ಟ ಸುಲಭವಾಗಿ ಉಂಟಾಗುತ್ತದೆ. ಮುಂಬಯಿ, ಚೆನ್ನೈಗಳಂತಹ ಕಡಲತೀರದ ನಗರಗಳ ಉಪ್ಪುಗಾಳಿಯಲ್ಲಿ ಇದು ಬೇಗ ಸಂಭವಿಸುತ್ತದೆ. ತುದಿಯನ್ನು ಬಿಚ್ಚಿ, ಮರಳುಕಾಗದದಿಂದ ಉಜ್ಜಿ, ಮತ್ತೆ ಬಿಗಿಯಾಗಿ ಕಟ್ಟುವುದರಿಂದಲೇ ಎಷ್ಟೋ ಕಾರುಗಳ ದೀಪ ಮತ್ತೆ ಬೆಳ್ಳಗೆ ಬೆಳಗುತ್ತದೆ.

ಸಂವೇದಕದ ಪರೀಕ್ಷೆ

ಕೈಯಿಂದ ಬೆಳಗಿಸಿದಾಗ ದೀಪಗಳು ಸರಿಯಾಗಿದ್ದು, 'ಆಟೋ' ಸ್ಥಾನದಲ್ಲಿ ಮಾತ್ರ ತೊಂದರೆ ಇದ್ದರೆ ಸಂವೇದಕದ ಕಡೆ ಗಮನ ಹರಿಸಬೇಕು. ಹಗಲಿನಲ್ಲಿ ಕಾರನ್ನು ಬಯಲಿನಲ್ಲಿ ನಿಲ್ಲಿಸಿ, ಗೇರನ್ನು ನ್ಯೂಟ್ರಲ್‌ಗೆ ಹಾಕಿ, ಎಂಜಿನ್ ಚಾಲೂ ಮಾಡಿ, ಸ್ವಿಚ್ಚನ್ನು 'ಆಟೋ' ಸ್ಥಾನದಲ್ಲಿಡಬೇಕು. ಅನಂತರ ದಪ್ಪನೆಯ ಕಪ್ಪು ಬಟ್ಟೆಯನ್ನು ಮಡಿಸಿ ಸಂವೇದಕವನ್ನು ಪೂರ್ತಿಯಾಗಿ ಮುಚ್ಚಬೇಕು. ತೆಳು ಬಟ್ಟೆ ಅಥವಾ ಬರಿಗೈ ಸಾಲದು. ಬಿಸಿಲಿನಲ್ಲಿ ಅವುಗಳ ಮೂಲಕವೂ ಬೆಳಕು ನುಸುಳುತ್ತದೆ. ಸಂವೇದಕ ಕನ್ನಡಿಯ ಹಿಂಬದಿಯಲ್ಲಿದ್ದರೆ ಬಟ್ಟೆಯನ್ನು ಮುಂಗಾಜಿನ ಹೊರಮೈ ಮೇಲೆ ಹೊದಿಸಬೇಕು. ಅರ್ಧ ನಿಮಿಷದೊಳಗೆ ದೀಪ ಬೆಳಗಿದರೆ, ಬಟ್ಟೆ ತೆಗೆದ ಮೇಲೆ ಕೆಲವು ನಿಮಿಷಗಳಲ್ಲಿ ಆರಿದರೆ, ವ್ಯವಸ್ಥೆ ಸುಸ್ಥಿತಿಯಲ್ಲಿದೆ ಎಂದು ತೀರ್ಮಾನಿಸಬಹುದು. ಹ್ಯಾಂಡ್ ಬ್ರೇಕ್ ಎಳೆದಾಗ ದೀಪ ಬೆಳಗದ ಕಾರಾದರೆ, ಸಮತಟ್ಟಾದ ನೆಲದಲ್ಲಿ ಚಾಲಕ ಕಾಲಿನಿಂದ ಬ್ರೇಕ್ ಒತ್ತಿ ಹಿಡಿದಿರಬೇಕು. ಬಟ್ಟೆಯನ್ನು ಮತ್ತೊಬ್ಬರು ಹೊದಿಸಬೇಕು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಡ್ಯಾಶ್‌ಬೋರ್ಡಿನ ಮೇಲೆ ಕಾಣುವ ಎಲ್ಲ ಗುಮ್ಮಟಗಳೂ ದೀಪದ ಸಂವೇದಕಗಳಲ್ಲ. ಕೆಲವು ಹವಾನಿಯಂತ್ರಣಕ್ಕಾಗಿ ಬಿಸಿಲನ್ನು ಅಳೆಯುತ್ತವೆ. ಕೆಲವು ಕಳ್ಳತನ ನಿರೋಧಕ ವ್ಯವಸ್ಥೆಯ ಸೂಚಕ ದೀಪಗಳು. ಕೈಪಿಡಿಯ ಚಿತ್ರದಲ್ಲಿ ಸರಿಯಾದ ಜಾಗವನ್ನು ನೋಡಿಕೊಳ್ಳದೆ ಪರೀಕ್ಷೆ ನಡೆಸಿದರೆ ಫಲಿತಾಂಶ ದಾರಿ ತಪ್ಪಿಸುತ್ತದೆ.

ಹಗಲಿನಲ್ಲೂ ಆರದ ದೀಪ

'ಆಟೋ' ಸ್ಥಾನದಲ್ಲಿ ನಡುಹಗಲಿನಲ್ಲೂ ದೀಪ ಉರಿಯುತ್ತಿದ್ದರೆ ಸಂವೇದಕಕ್ಕೆ ಬೆಳಕು ತಲಪುತ್ತಿಲ್ಲವೆಂದು ಮೊದಲು ಶಂಕಿಸಬೇಕು. ನಮ್ಮ ದೇಶದಲ್ಲಿ ಡ್ಯಾಶ್‌ಬೋರ್ಡಿನ ಮೇಲೆ ದೇವರ ಮೂರ್ತಿ, ಹೂವಿನ ಮಾಲೆ, ಹಾಸುಬಟ್ಟೆ, ಸುಗಂಧದ ಸೀಸೆ ಮೊದಲಾದವುಗಳನ್ನು ಇಡುವ ರೂಢಿ ಇದೆ. ಇವು ಸಂವೇದಕದ ಮೇಲೆ ಕುಳಿತರೆ ಕಾರಿನ ಪಾಲಿಗೆ ಸದಾ ರಾತ್ರಿಯೇ. ಮೂರ್ತಿಯನ್ನು ಒಂದು ಗೇಣು ಪಕ್ಕಕ್ಕೆ ಸರಿಸಿದೊಡನೆ ದೋಷ ಮಾಯವಾಗುವುದುಂಟು. ಹೆದ್ದಾರಿ ಸುಂಕಕ್ಕಾಗಿ ಮುಂಗಾಜಿಗೆ ಅಂಟಿಸುವ ಫಾಸ್ಟ್ಯಾಗ್ ಚೀಟಿಯೂ ಕನ್ನಡಿಯ ಹಿಂಬದಿಯ ಸಂವೇದಕವನ್ನು ಮರೆಮಾಡಬಹುದು. ಆದುದರಿಂದ ಅದನ್ನು ಸಂವೇದಕದ ಕಿಂಡಿಯಿಂದ ಸಾಕಷ್ಟು ದೂರದಲ್ಲಿ ಅಂಟಿಸಬೇಕು.

ಮುಂಗಾಜಿನ ಮೇಲೆ ಕಪ್ಪು ಪದರ ಅಂಟಿಸಿರುವುದು ಮತ್ತೊಂದು ಕಾರಣ. ಕೇಂದ್ರ ಮೋಟಾರು ವಾಹನ ನಿಯಮಾವಳಿ, 1989ರ 100ನೆಯ ನಿಯಮದಂತೆ ಮುಂದಿನ ಹಾಗೂ ಹಿಂದಿನ ಗಾಜುಗಳ ಮೂಲಕ ಕನಿಷ್ಠ ಶೇಕಡ 70ರಷ್ಟು, ಪಕ್ಕದ ಗಾಜುಗಳ ಮೂಲಕ ಕನಿಷ್ಠ ಶೇಕಡ 50ರಷ್ಟು ಬೆಳಕು ಹಾಯಬೇಕು. ಕಪ್ಪು ಪದರಗಳ ಬಳಕೆಯ ವಿರುದ್ಧ ಸರ್ವೋಚ್ಚ ನ್ಯಾಯಾಲಯವು 2012ರ ಏಪ್ರಿಲ್ 27ರಂದು ತೀರ್ಪು ನೀಡಿತು. ಹಿಂದಿನ ಮಾಲೀಕರು ಅಂಟಿಸಿದ ಪದರವು ಹೊಸ ಮಾಲೀಕರಿಗೆ ದಂಡವನ್ನೂ ದೀಪದ ತೊಂದರೆಯನ್ನೂ ಒಟ್ಟಿಗೆ ತರಬಲ್ಲದು.

ಯಾವ ಅಡ್ಡಿಯೂ ಇಲ್ಲದೆ ದೀಪ ಹಗಲಿನಲ್ಲಿ ಉರಿಯುತ್ತಿದ್ದರೆ ಸಂವೇದಕ ಕೆಟ್ಟಿರಬಹುದು ಅಥವಾ ಅದರ ವೈರು ಕಡಿದಿರಬಹುದು. ಸಂವೇದಕದಿಂದ ಸಂಕೇತ ಬಾರದಿದ್ದಾಗ ದೀಪವನ್ನು ಬೆಳಗಿಸಿಯೇ ಇಡುವಂತೆ ಅನೇಕ ತಯಾರಕರು ವ್ಯವಸ್ಥೆ ಮಾಡಿರುತ್ತಾರೆ. ಕತ್ತಲಲ್ಲಿ ದೀಪವಿಲ್ಲದೆ ಸಾಗುವುದಕ್ಕಿಂತ ಹಗಲಿನಲ್ಲಿ ದೀಪದೊಡನೆ ಸಾಗುವುದು ಮೇಲೆಂಬುದು ಇದರ ಹಿಂದಿನ ವಿವೇಕ.

ಆರದ ದೀಪವನ್ನು ಅಲಕ್ಷಿಸಿದರೆ ಬ್ಯಾಟರಿ ಬರಿದಾಗುತ್ತದೆ. ತಲಾ 55 ವಾಟ್‌ನ ಎರಡು ಬಲ್ಬುಗಳು 12 ವೋಲ್ಟ್‌ನಲ್ಲಿ ಸುಮಾರು 9 ಆಂಪಿಯರ್ ವಿದ್ಯುತ್ತನ್ನು ಸೆಳೆಯುತ್ತವೆ. ಹಿಂದಿನ ದೀಪ, ನಂಬರ್ ಪ್ಲೇಟಿನ ದೀಪಗಳು ಸೇರಿ 11 ಆಂಪಿಯರ್ ಆಗುತ್ತದೆಂದು ಎಣಿಸಿದರೆ, 45 ಆಂಪಿಯರ್-ಗಂಟೆಯ ಹೊಸ ಬ್ಯಾಟರಿಯೂ ಎಂಜಿನ್ ನಿಂತಿರುವಾಗ ನಾಲ್ಕು ಗಂಟೆಗಳಲ್ಲಿ ಬರಿದಾಗುತ್ತದೆ. ಹಳೆಯ ಬ್ಯಾಟರಿ ಅದಕ್ಕೂ ಬಹಳ ಮೊದಲೇ ಎಂಜಿನ್ನನ್ನು ಚಾಲೂ ಮಾಡುವ ಶಕ್ತಿ ಕಳೆದುಕೊಳ್ಳುತ್ತದೆ.

ಕತ್ತಲಾದರೂ ಬೆಳಗದ ದೀಪ, ಬೆಳಗಿ ಆರುವ ದೀಪ

ಸುರಕ್ಷತೆಯ ದೃಷ್ಟಿಯಿಂದ ಇದು ಹೆಚ್ಚು ಗಂಭೀರವಾದ ದೋಷ. ಡ್ಯಾಶ್‌ಬೋರ್ಡಿನ ಮೇಲೆ ಅಲಂಕಾರಕ್ಕೆ ಕೂಡಿಸಿದ ಎಲ್‌ಇಡಿ ಸರ, ದಾರಿ ತೋರಿಸಲು ಇರಿಸಿದ ಮೊಬೈಲ್ ಫೋನಿನ ಪರದೆ ಮುಂತಾದವು ಸಂವೇದಕದ ಬಳಿಯೇ ಇದ್ದರೆ ಅವುಗಳ ಬೆಳಕು ಅದನ್ನು ಮೋಸಗೊಳಿಸಬಹುದು. ಕೆಲವು ಕಾರುಗಳಲ್ಲಿ ಎಷ್ಟು ಕತ್ತಲಾದಾಗ ದೀಪ ಬೆಳಗಬೇಕೆಂಬುದನ್ನು ಮಾಲೀಕರೇ ಹೆಚ್ಚು ಕಡಿಮೆ ಮಾಡುವ ಅನುಕೂಲವಿರುತ್ತದೆ. ಹಿಂದಿನ ಮಾಲೀಕರು ಅದನ್ನು ತೀರ ತಗ್ಗಿಸಿದ್ದರೆ ದೀಪ ತಡವಾಗಿ ಬೆಳಗುತ್ತದೆ. ಬ್ಯಾಟರಿ ಬದಲಾಯಿಸಿದ ನಂತರ ಇಂತಹ ಹೊಂದಾಣಿಕೆಗಳು ಕೆಲವು ಕಾರುಗಳಲ್ಲಿ ಮೊದಲಿನ ಸ್ಥಿತಿಗೆ ಮರಳುವುದೂ ಉಂಟು.

ಸಾಲುಮರಗಳ ರಸ್ತೆಯಲ್ಲಿ, ಮೇಲ್ಸೇತುವೆಗಳ ಕೆಳಗೆ ದೀಪ ಒಮ್ಮೊಮ್ಮೆ ಬೆಳಗಿ ಆರುವುದು ಸಹಜ. ಬಯಲಿನಲ್ಲೂ ಹೀಗಾದರೆ ಸಂವೇದಕದ ಮೇಲಿನ ಧೂಳನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ ನೋಡಬೇಕು. ಕಾರು ಗುಂಡಿಗೆ ಇಳಿದಾಗಲೆಲ್ಲ ದೀಪ ಮಿನುಗಿದರೆ ಕನೆಕ್ಟರ್ ಸಡಿಲವಾಗಿದೆ ಎಂದು ತಿಳಿಯಬೇಕು. ಸ್ವಿಚ್ಚನ್ನು ಸ್ವಲ್ಪ ಅಲುಗಿಸಿದಾಗ ದೀಪದ ಸ್ಥಿತಿ ಬದಲಾದರೆ ಸ್ವಿಚ್ಚಿನೊಳಗಿನ ತುದಿಗಳು ಸವೆದಿವೆ.

ಹಳೆಯ ಕಾರಿಗೆ ವಿಶೇಷವಾದ ಕಾರಣಗಳು

ಬಳಸಿದ ಕಾರಿನ ದೋಷಗಳ ಮೂಲ ಬಹುಮಟ್ಟಿಗೆ ಅದರ ಪೂರ್ವಚರಿತ್ರೆಯಲ್ಲಿರುತ್ತದೆ. ಅವುಗಳಲ್ಲಿ ಮೂರನ್ನು ವಿಶೇಷವಾಗಿ ಗಮನಿಸಬೇಕು.

ಮೊದಲನೆಯದಾಗಿ, ಒಡೆದ ಮುಂಗಾಜನ್ನು ಬದಲಾಯಿಸಿರುವುದು. ಕನ್ನಡಿಯ ಹಿಂಬದಿಯ ಸಂವೇದಕವು ಪಾರದರ್ಶಕವಾದ ಮೆತ್ತನೆಯ ಪಟ್ಟಿಯ ಮೂಲಕ ಗಾಜಿಗೆ ಅಂಟಿಕೊಂಡಿರುತ್ತದೆ. ಗಾಜು ಬದಲಾಯಿಸಿದಾಗ ಹಳೆಯ ಪಟ್ಟಿಯನ್ನೇ ಮತ್ತೆ ಅಂಟಿಸಿದರೆ ನಡುವೆ ಗಾಳಿಗುಳ್ಳೆಗಳು ಉಳಿಯುತ್ತವೆ. ಅದರಿಂದ ಬೆಳಕು ಮತ್ತು ಮಳೆ ಎರಡರ ಗ್ರಹಿಕೆಯೂ ತಪ್ಪುತ್ತದೆ. ಸಂವೇದಕಕ್ಕೆ ಕಿಂಡಿಯೇ ಇಲ್ಲದ ಅಗ್ಗದ ಗಾಜನ್ನು ಹಾಕಿದ್ದರಂತೂ ವ್ಯವಸ್ಥೆ ಸರಿಯಾಗಿ ಕೆಲಸ ಮಾಡಲಾರದು. ಗಾಜಿನ ಮೂಲೆಯ ಮುದ್ರೆಯು ಇತರ ಗಾಜುಗಳ ಮುದ್ರೆಗಿಂತ ಭಿನ್ನವಾಗಿದ್ದರೆ ಅದು ಬದಲಾದ ಗಾಜೆಂದು ಊಹಿಸಬಹುದು.

ಎರಡನೆಯದಾಗಿ, ಪ್ರವಾಹದ ನೀರು. ಮುಂಬಯಿಯಲ್ಲಿ 2005ರ ಜುಲೈ 26ರಂದು, ಚೆನ್ನೈಯಲ್ಲಿ 2015ರ ಡಿಸೆಂಬರಿನಲ್ಲಿ, ಹೈದರಾಬಾದಿನಲ್ಲಿ 2020ರ ಅಕ್ಟೋಬರಿನಲ್ಲಿ ಅತಿವೃಷ್ಟಿಯಾದಾಗ ಅಸಂಖ್ಯ ವಾಹನಗಳು ನೀರಿನಲ್ಲಿ ಮುಳುಗಿದವು. ನೀರು ಹೊಕ್ಕ ಕಾರನ್ನು ಒಣಗಿಸಿ, ಹೊಳಪು ಕೊಟ್ಟು ಮಾರುವುದು ಕಷ್ಟವಲ್ಲ. ಆದರೆ ಕನೆಕ್ಟರುಗಳ ಒಳಗೆ ಹಸಿರು ಕಿಲುಬು ತಿಂಗಳುಗಳ ನಂತರ ತಲೆದೋರುತ್ತದೆ. ನಿಯಂತ್ರಣ ಘಟಕವನ್ನು ಎಷ್ಟೋ ಕಾರುಗಳಲ್ಲಿ ಡ್ಯಾಶ್‌ಬೋರ್ಡಿನ ಕೆಳಗೆ ಅಳವಡಿಸಿರುವುದರಿಂದ ಅದಕ್ಕೂ ಹಾನಿ ತಟ್ಟಿರಬಹುದು. ಕಾಲುಹಾಸಿನ ಅಡಿಯಲ್ಲಿ ಕೆಸರಿನ ಕಲೆ, ಸೀಟಿನ ಕಂಬಿಗಳಲ್ಲಿ ತುಕ್ಕು, ಮುಂದೀಪದ ಒಳಮೈಯಲ್ಲಿ ನೀರು ನಿಂತ ಗೆರೆ ಇವು ಅದರ ಕುರುಹುಗಳು.

ಮೂರನೆಯದಾಗಿ, ಹೊರಗಿನಿಂದ ಕೂಡಿಸಿದ ಅಧಿಕ ಶಕ್ತಿಯ ಬಲ್ಬುಗಳು. 60/55 ವಾಟ್‌ಗೆಂದು ರಚಿಸಿದ ದೀಪಕ್ಕೆ 100/90 ವಾಟ್‌ನ ಬಲ್ಬು ಹಾಕಿದರೆ, ಎರಡು ಬಲ್ಬುಗಳ ಎತ್ತರ ಕಿರಣಕ್ಕೆ 12 ವೋಲ್ಟ್‌ನಲ್ಲಿ 10 ಆಂಪಿಯರ್ ಬದಲಿಗೆ ಸುಮಾರು 17 ಆಂಪಿಯರ್ ಹರಿಯುತ್ತದೆ. ವೈರು ಕಾಯುತ್ತದೆ, ಹೋಲ್ಡರ್ ಕರಗುತ್ತದೆ, ರಿಲೇ ಬೆಸೆದುಕೊಳ್ಳುತ್ತದೆ. ಎದುರಿನ ಚಾಲಕನ ಕಣ್ಣು ಕೋರೈಸುವುದು ಇದಕ್ಕಿಂತಲೂ ದೊಡ್ಡ ಹಾನಿ. ಕ್ಸೆನಾನ್ ದೀಪಗಳಲ್ಲಿ ಬೆಳಗುವ ಕ್ಷಣಕ್ಕೆ 20,000 ವೋಲ್ಟ್‌ಗೂ ಮಿಕ್ಕ ವಿದ್ಯುತ್ ಉತ್ಪತ್ತಿಯಾಗುವುದರಿಂದ ಅವುಗಳನ್ನು ಮನೆಯಲ್ಲಿ ಬಿಚ್ಚುವುದು ಸರ್ವಥಾ ಸಲ್ಲದು.

ಗ್ಯಾರೇಜಿಗೆ ಒಯ್ದಾಗ

ಮೇಲಿನ ಪರೀಕ್ಷೆಗಳಿಂದ ದೋಷ ತಿಳಿಯದಿದ್ದಲ್ಲಿ ಕಾರನ್ನು ಸ್ಕ್ಯಾನರ್ ಇರುವ ಗ್ಯಾರೇಜಿಗೆ ಒಯ್ಯಬೇಕು. ಸ್ಟೀಯರಿಂಗಿನ ಕೆಳಗಿನ ಕನೆಕ್ಟರಿಗೆ ಈ ಯಂತ್ರವನ್ನು ಜೋಡಿಸಿ ನಿಯಂತ್ರಣ ಘಟಕದಲ್ಲಿ ದಾಖಲಾದ ದೋಷದ ಸಂಕೇತಗಳನ್ನು ಓದುತ್ತಾರೆ. ಅಗ್ಗದ ಯಂತ್ರಗಳು ಎಂಜಿನ್ನಿಗೆ ಸಂಬಂಧಿಸಿದ ಸಂಕೇತಗಳನ್ನು ಮಾತ್ರ ಓದುತ್ತವೆ. ದೀಪದ ದೋಷಗಳಿಗೆ ಕಾರಿನ ಮೈಯ ವಿದ್ಯುತ್ ವ್ಯವಸ್ಥೆಯನ್ನೂ ಓದಬಲ್ಲ ಯಂತ್ರ ಬೇಕು. ಬಟ್ಟೆ ಹೊದಿಸಿದಾಗ ಸಂವೇದಕದ ಮಾಪನ ಬದಲಾಗುವುದನ್ನು ಇಂತಹ ಯಂತ್ರದ ಪರದೆಯಲ್ಲೇ ನೋಡಲು ಅನೇಕ ಕಾರುಗಳಲ್ಲಿ ಸಾಧ್ಯ. ಮಾಪನ ಬದಲಾದರೆ ಸಂವೇದಕ ಕ್ಷೇಮ. ಬದಲಾಗದಿದ್ದರೆ ಸಂವೇದಕ ಅಥವಾ ಅದರ ವೈರು ದೋಷಿ. ಈ ಪರೀಕ್ಷೆ ನಡೆಸದೆ ನಿಯಂತ್ರಣ ಘಟಕವನ್ನೇ ಬದಲಾಯಿಸಬೇಕೆಂಬ ಸಲಹೆ ಬಂದರೆ ಎರಡನೆಯ ಅಭಿಪ್ರಾಯ ಪಡೆಯುವುದು ಲೇಸು. ತೆಗೆದ ಹಳೆಯ ಭಾಗವನ್ನೂ ವಿವರವಾದ ಬಿಲ್ಲನ್ನೂ ಕೇಳಿ ಪಡೆಯಬೇಕು.

ಡ್ಯಾಶ್‌ಬೋರ್ಡಿನ ಒಳಗೆ ಹಾಗೂ ಅನೇಕ ಕಾರುಗಳ ಮುಂಗಾಜಿನ ಅಕ್ಕಪಕ್ಕದ ಕಂಬಗಳಲ್ಲಿ ಗಾಳಿಚೀಲಗಳಿರುತ್ತವೆ. ಸಂವೇದಕದ ವೈರು ಹುಡುಕಲೆಂದು ಇವುಗಳನ್ನು ಕೆದಕಿದರೆ ಚೀಲ ಸಿಡಿದು ಗಾಯವಾಗಬಹುದು. ಈ ಕೆಲಸವನ್ನು ತರಬೇತಿ ಪಡೆದ ಮೆಕ್ಯಾನಿಕ್ಕಿಗೆ ಬಿಡುವುದೇ ಕ್ಷೇಮ.

ಯಂತ್ರವನ್ನು ನಂಬುವ ಮಿತಿ

ವ್ಯವಸ್ಥೆ ಸಂಪೂರ್ಣ ಸುಸ್ಥಿತಿಯಲ್ಲಿದ್ದರೂ ಅದಕ್ಕೆ ಒಂದು ಸ್ವಾಭಾವಿಕ ಮಿತಿ ಇದೆ. ಸಂವೇದಕವು ಬೆಳಕನ್ನು ಅಳೆಯುತ್ತದೆಯೇ ಹೊರತು ಎಷ್ಟು ದೂರ ಕಾಣುತ್ತದೆ ಎಂಬುದನ್ನು ಅಳೆಯುವುದಿಲ್ಲ. ಚಳಿಗಾಲದ ಬೆಳಗಿನಲ್ಲಿ ದೆಹಲಿಯ ಸುತ್ತಮುತ್ತ ಕವಿಯುವ ಮಂಜು ಬೆಳ್ಳಗೆ ಹೊಳೆಯುತ್ತದೆ. ಸಂವೇದಕದ ಪಾಲಿಗೆ ಅದು ಒಳ್ಳೆಯ ಹಗಲು. ಚಾಲಕನಿಗೆ ಮಾತ್ರ ಐವತ್ತು ಮೀಟರ್ ಮುಂದಿನ ಲಾರಿ ಕಾಣುವುದಿಲ್ಲ. ಮುಂಬಯಿಯಿಂದ ಊರಿಗೆ ಹೊರಟವರು ಮಳೆಗಾಲದ ಹಗಲಿನಲ್ಲಿ ಘಟ್ಟಗಳನ್ನು ದಾಟುವಾಗಲೂ ಇದೇ ಸ್ಥಿತಿ ಒದಗುತ್ತದೆ. ಇಂತಹ ವೇಳೆಯಲ್ಲಿ ಸ್ವಿಚ್ಚನ್ನು ಕೈಯಿಂದಲೇ ತಿರುಗಿಸಿ ತಗ್ಗು ಕಿರಣದ ದೀಪವನ್ನು ಬೆಳಗಿಸಬೇಕು.

ಹಗಲು ಚಾಲನೆಯ ದೀಪಗಳು ಇನ್ನೊಂದು ತಪ್ಪು ತಿಳಿವಳಿಕೆಗೆ ಕಾರಣವಾಗುತ್ತವೆ. ಮುಂದೆ ಬಿಳಿಯ ಬೆಳಕು ಚೆಲ್ಲುತ್ತಿರುವುದನ್ನೂ ಮೀಟರುಗಳು ಬೆಳಗುತ್ತಿರುವುದನ್ನೂ ಕಂಡ ಚಾಲಕ ಎಲ್ಲ ದೀಪಗಳೂ ಉರಿಯುತ್ತಿವೆಯೆಂದು ಭಾವಿಸುತ್ತಾನೆ. ವಾಸ್ತವವಾಗಿ ಬಹಳಷ್ಟು ಕಾರುಗಳಲ್ಲಿ ಹಗಲು ದೀಪದೊಡನೆ ಹಿಂದಿನ ಕೆಂಪು ದೀಪಗಳು ಬೆಳಗುವುದಿಲ್ಲ. ಹಿಂದಿನಿಂದ ವೇಗವಾಗಿ ಬರುವ ವಾಹನಕ್ಕೆ ಅಂತಹ ಕಾರು ಕತ್ತಲೆಯ ಒಂದು ತುಂಡಾಗಿ ಮಾತ್ರ ಉಳಿಯುತ್ತದೆ. ಮೀಟರಿನ ಬಳಿ ಬೆಳಗುವ ಹಸಿರು ದೀಪದ ಗುರುತನ್ನು ನೋಡಿಯೇ ಖಚಿತಪಡಿಸಿಕೊಳ್ಳುವ ಅಭ್ಯಾಸ ಒಳ್ಳೆಯದು.

ಕಾನೂನಿನ ದೃಷ್ಟಿಯಲ್ಲಿಯೂ ಹೊಣೆ ಯಂತ್ರದ್ದಲ್ಲ. ಕೇಂದ್ರ ಮೋಟಾರು ವಾಹನ ನಿಯಮಾವಳಿಯ 105ನೆಯ ನಿಯಮವು, ಸೂರ್ಯಾಸ್ತವಾದ ಅರ್ಧ ಗಂಟೆಯ ನಂತರ ಹಾಗೂ ಸಾಕಷ್ಟು ಬೆಳಕಿಲ್ಲದ ಯಾವುದೇ ವೇಳೆಯಲ್ಲಿ ವಾಹನದ ದೀಪಗಳು ಉರಿಯುತ್ತಿರಬೇಕೆಂದೂ, 155 ಮೀಟರ್ ಮುಂದಿನ ವ್ಯಕ್ತಿಗಳೂ ವಾಹನಗಳೂ ಸ್ಪಷ್ಟವಾಗಿ ಕಾಣುವಂತಿರಬೇಕೆಂದೂ ವಿಧಿಸುತ್ತದೆ. ಸಂವೇದಕ ಕೆಟ್ಟಿತ್ತೆಂಬ ಉತ್ತರ ಚಾಲಕನನ್ನು ಈ ಕರ್ತವ್ಯದಿಂದ ಬಿಡಿಸುವುದಿಲ್ಲ.

ಕೊಳ್ಳುವ ಮುನ್ನ

ಸೆಕೆಂಡ್ ಹ್ಯಾಂಡ್ ಕಾರನ್ನು ಹೆಚ್ಚಿನವರು ಹಗಲಿನಲ್ಲೇ ನೋಡಿ ಒಪ್ಪುತ್ತಾರೆ. ಒಮ್ಮೆಯಾದರೂ ಮುಸ್ಸಂಜೆಯಲ್ಲಿ ಅದನ್ನು ಓಡಿಸಿ ನೋಡುವುದು ಸೂಕ್ತ. ಆಗ ಈ ಕೆಳಗಿನ ಅಂಶಗಳನ್ನು ಪರಿಶೀಲಿಸಬೇಕು:

1. 'ಆಟೋ' ಸ್ಥಾನದಲ್ಲಿ ಬೆಳಕು ಕುಗ್ಗಿದಂತೆ ದೀಪ ತಾನಾಗಿ ಬೆಳಗುವುದೇ?

2. ಕೈಯಿಂದ ಬೆಳಗಿಸಿದಾಗ ತಗ್ಗು ಕಿರಣ, ಎತ್ತರ ಕಿರಣ, ಹಿಂದಿನ ದೀಪ, ನಂಬರ್ ಪ್ಲೇಟಿನ ದೀಪ ಎಲ್ಲವೂ ಉರಿಯುವವೇ?

3. ಸಮತಟ್ಟಾದ ಜಾಗದಲ್ಲಿ ಗೋಡೆಯ ಎದುರು ನಿಲ್ಲಿಸಿದಾಗ ಎರಡೂ ದೀಪಗಳ ತಗ್ಗು ಕಿರಣ ಒಂದೇ ಎತ್ತರದಲ್ಲಿ ಬೀಳುವುದೇ?

4. ಎಂಜಿನ್ ನಿಲ್ಲಿಸಿ ಬೀಗ ಹಾಕಿದ ಮೇಲೆ ನಿಗದಿತ ಅವಧಿಯೊಳಗೆ ದೀಪಗಳು ಪೂರ್ತಿಯಾಗಿ ಆರುವವೇ?

5. ಫ್ಯೂಸು ಪೆಟ್ಟಿಗೆಯಲ್ಲಿ ತಂತಿ ಸುತ್ತಿದ ಫ್ಯೂಸು, ಕರಗಿದ ಗುರುತು, ಟೇಪು ಸುತ್ತಿದ ಹೊಸ ವೈರುಗಳು ಕಾಣುವವೇ?

ಈ ಪರಿಶೀಲನೆಗೆ ಅರ್ಧ ಗಂಟೆ ಸಾಕು. ದೋಷ ಕಂಡುಬಂದಲ್ಲಿ ಮಾರುವವರಿಂದಲೇ ದುರಸ್ತಿ ಮಾಡಿಸಿಕೊಳ್ಳಲು ಅಥವಾ ಬೆಲೆಯಲ್ಲಿ ಕಡಿತ ಕೇಳಲು ಅವಕಾಶವಿರುತ್ತದೆ. ಕಾರು ಕೈಸೇರಿದ ಮೇಲೆ ದುರಸ್ತಿ ಮುಗಿಯುವವರೆಗೆ 'ಆಟೋ' ಸ್ಥಾನವನ್ನು ಮರೆತು, ಸಂಜೆ ಹೊರಡುವಾಗ ಕೈಯಿಂದ ದೀಪ ಬೆಳಗಿಸಿ, ತಲಪಿದಾಗ ಕೈಯಿಂದಲೇ ಆರಿಸಬೇಕು. ಹೊರಡುವ ಮೊದಲು ಕಾರಿನ ಸುತ್ತ ಒಮ್ಮೆ ನಡೆದು ಹಿಂದಿನ ಕೆಂಪು ದೀಪಗಳನ್ನು ಕಣ್ಣಾರೆ ನೋಡಿಕೊಳ್ಳುವುದನ್ನು ಮಾತ್ರ, ದುರಸ್ತಿಯಾದ ನಂತರವೂ ಬಿಡಬಾರದು.